ಎಡಗೈಗೊಂದು ಗೇರು: ಥ್ರಸ್ಟ್‌ಮಾಸ್ಟರ್ ಟಿಎಚ್‌8ಎ ತೆಗೆದುಕೊಂಡ ಮೇಲೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮನೆಯ ರೇಸಿಂಗ್ ಸಿಮ್ಯುಲೇಟರಿಗೆ, ಅಂದರೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟಕ್ಕೆ, ಗೇರ್ ಶಿಫ್ಟರ್ (ಗೇರು ಹಾಕುವ ಕೋಲಿನ ಡಬ್ಬ) ಹುಡುಕುವಾಗ ಕಂಪೆನಿಯ ಹೆಸರಿಗಿಂತ ಮೊದಲು ನೋಡಬೇಕಾದ್ದು ಅದು ನಿಮ್ಮ ಎಡಗಡೆಗೆ ಸರಿಯಾಗಿ ಕೂರುತ್ತದೋ ಎಂದು. ಆಮೇಲೆ ಅಲ್ಲಾಡದ ಹಾಗೆ ಬಿಗಿಯಲು ಮನೆಯಲ್ಲಿ ಜಾಗ ಉಂಟೋ ಎಂದು. ಒಳಗಿನ ಸೆನ್ಸರ್ ಯಾವುದು ಎಂಬುದು ಮೂರನೆಯ ಪ್ರಶ್ನೆ. ನಾನು ತೆಗೆದುಕೊಂಡದ್ದು ಥ್ರಸ್ಟ್‌ಮಾಸ್ಟರ್ ಟಿಎಚ್‌8ಎ, ಅದೂ ಸೆಕೆಂಡ್ ಹ್ಯಾಂಡ್. ಐದಕ್ಕೆ ನಾಲ್ಕು ಅಂಕ. ಹೋದ ಒಂದು ಅಂಕ ಎಲ್ಲಿ ಹೋಯಿತು ಎಂದು ಬೇಕಾದವರು ಮುಂದೆ ಓದಿ.

ಕಾಸರಗೋಡಿನ ಬದಿಯಡ್ಕದ ಕಡೆ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವುದು ನನ್ನ ಕೆಲಸ. ಬೆಳಗ್ಗಿನಿಂದ ಆಲ್ಟೊದ ಎಡ ಸೀಟಿನಲ್ಲಿ ಕೂತು "ಕ್ಲಚ್ ಒತ್ತಿ, ಈಗ ಸೆಕೆಂಡ್, ಬಲ ಹಾಕ್ಬೇಡಿ, ಅದು ಮುರಿದೀತು" ಎಂದು ಕನ್ನಡದಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ ಸರದಿಯಂತೆ ಹೇಳುತ್ತಿರುವುದು. ನಮ್ಮ ಕೇರಳದ ಟೆಸ್ಟಿನಲ್ಲಿ ಕಾರಿನವರು 'ಎಚ್' ತೆಗೆಯಬೇಕು, ಬೈಕಿನವರು 'ಎಂಟು'. ನೆಟ್ಟ ಕಂಬಗಳಿಗೆ ತಾಗದ ಹಾಗೆ ಕಾರನ್ನು ಮುಂದೆ ಹಿಂದೆ ಮಾಡುವ ಆ ಎಚ್‌ನಲ್ಲಿ ಹಗಲಿಡೀ ಬೆವರು ಸುರಿಸಿ, ರಾತ್ರಿ ಮನೆಯಲ್ಲಿ ಎಚ್ ಪ್ಯಾಟರ್ನಿನ, ಅಂದರೆ ಕಾರಿನಲ್ಲಿರುವ ಹಾಗೆ ಎಚ್ ಆಕಾರದ ಗೆರೆಗಳಲ್ಲಿ ಓಡಾಡುವ, ಗೇರು ಹಿಡಿದು ಕೂತರೆ ಹೆಂಡತಿ ಕೇಳದೆ ಬಿಡುತ್ತಾಳೆಯೇ? "ಹಗಲು ಹಾಕಿದ ಗೇರು ಸಾಕಾಗ್ಲಿಲ್ವಾ ನಿಮ್ಗೆ?"

ಸಾಕಾಗುವುದಿಲ್ಲ. ಹಗಲು ಗೇರು ಹಾಕುವುದು ಬೇರೆಯವರು, ನಾನು ನೋಡುವವ ಮಾತ್ರ.

ಚಾವಡಿಯ ಮೂಲೆಯಲ್ಲಿ ನನ್ನ ಸೆಟ್ಟಪ್ ಉಂಟು. ಗುಜರಿಯಿಂದ ತಂದ ಓಮ್ನಿಯ ಸೀಟು, ಕಬ್ಬಿಣದ ಚೌಕ ಪೈಪಿನ ಫ್ರೇಮು, ಸ್ಟೇರಿಂಗ್ ಕೂರಿಸಲು ಮನೆಯಲ್ಲೇ ಬಿದ್ದಿದ್ದ ಹಲಸಿನ ಹಲಗೆ. ವ್ಹೀಲ್, ಅಂದರೆ ಸ್ಟೇರಿಂಗು, ಲಾಜಿಟೆಕ್ ಜಿ29, ಅದರದ್ದೇ ಮೂರು ಪೆಡಲ್. 2015ರಲ್ಲಿ ಬಂದ ಮಾದರಿಯಾದರೂ ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇದ್ದದ್ದು ಜೊತೆಗೆ ಬೇರೆ ಕಡೆಯಿಂದ ತರಿಸಿಕೊಂಡಿದ್ದ ಒಂದು ಯುಎಸ್‌ಬಿ ಶಿಫ್ಟರಿನ ಬಗ್ಗೆ. ಯಾವ ಕಂಪೆನಿ ಎಂದು ಹೇಳುವುದಿಲ್ಲ. ವರ್ಷಗಟ್ಟಲೆ ದುಡಿದ ಪ್ರಾಣಿ, ಸತ್ತ ಮೇಲೆ ಹೆಸರು ಕೆಡಿಸುವುದು ಯಾಕೆ.

ಅದರ ರೋಗ ಹೀಗಿತ್ತು. ಮೂರನೇ ಗೇರಿನಲ್ಲಿ ಆಟದ ಲಾರಿ ಏರು ಹತ್ತುತ್ತಿರುತ್ತದೆ, ನಾನು ಕೋಲನ್ನು ಮುಟ್ಟಿರುವುದೇ ಇಲ್ಲ, ಇದ್ದಕ್ಕಿದ್ದ ಹಾಗೆ ನ್ಯೂಟ್ರಲ್. ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಲಾರಿ ಹಿಂದಕ್ಕೆ ಜಾರುತ್ತದೆ. ವಿಂಡೋಸಿನ ರನ್ ಕಿಟಕಿಯಲ್ಲಿ 'ಜಾಯ್ ಡಾಟ್ ಸಿಪಿಎಲ್' (joy.cpl) ಎಂದು ಹೊಡೆದರೆ ಗೇಮ್ ಕಂಟ್ರೋಲರುಗಳ ಪಟ್ಟಿ ತೆರೆಯುತ್ತದೆ. ಪಿಸಿಯ ಮಟ್ಟಿಗೆ ಎಚ್ ಶಿಫ್ಟರ್ ಎಂದರೆ ಕೆಲವು ಬಟನ್ನುಗಳು, ಅಷ್ಟೇ. ಮೂರನೇ ಗೇರಿಗೆ ಹಾಕಿದರೆ ಮೂರನೇ ಬಟನ್ ಒತ್ತಿ ಹಿಡಿದ ಹಾಗೆ. ತೆಗೆದರೆ ಯಾವ ಬಟನ್ನೂ ಇಲ್ಲ, ಅದೇ ನ್ಯೂಟ್ರಲ್. ಗೇರಿಗೆ ಹಾಕಿ ಕೈ ಬಿಟ್ಟು ಪರದೆ ನೋಡಿದೆ. ಆ ಬಟನ್ನಿನ ದೀಪ ಮಿಣುಕುತ್ತಿತ್ತು. ಆಟದ ಸೆಟ್ಟಿಂಗಿನದ್ದಲ್ಲ, ಕೇಬಲಿನದ್ದಲ್ಲ, ಒಳಗಿನ ಸೆನ್ಸರಿನದ್ದೇ ತೊಂದರೆ ಎಂದು ಅಲ್ಲಿಗೆ ಖಾತ್ರಿಯಾಯಿತು.

ಬಿಚ್ಚಿದರೆ ಒಳಗೆ ಪೊಟೆನ್ಶಿಯೋಮೀಟರ್. ಹಳೇ ರೇಡಿಯೋದಲ್ಲಿ ಸ್ವರ ಏರಿಸಲು ತಿರುಗಿಸುತ್ತಿದ್ದೆವಲ್ಲ, ಆ ತಿರುಪಿನ ಹಿಂದೆ ಇದ್ದದ್ದೇ ಇದು. ಕಾರ್ಬನ್ ಬಳಿದ ಒಂದು ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಲೋಹದ ಒಂದು ನಾಲಗೆ. ನಾಲಗೆ ಎಲ್ಲಿ ನಿಂತಿದೆ ಎನ್ನುವುದರ ಮೇಲೆ ವೋಲ್ಟೇಜು. ಆ ವೋಲ್ಟೇಜು ನೋಡಿ ಕೋಲು ಯಾವ ಗೇರಿನಲ್ಲಿದೆ ಎಂದು ಲೆಕ್ಕ. ಉಜ್ಜಿ ಉಜ್ಜಿ ಕಾರ್ಬನ್ ಸವೆಯುತ್ತದೆ, ಧೂಳು ಕೂರುತ್ತದೆ, ತೇವ ಹಿಡಿಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಜಿಲ್ಲೆ ನಮ್ಮದು. ಜಡಿಮಳೆಯ ಆಟಿ ತಿಂಗಳಲ್ಲಿ ಕಪಾಟಿನ ಒಳಗಿನ ಚರ್ಮದ ಬೆಲ್ಟಿಗೇ ಬೂಸ್ಟು ಬರುವಾಗ ಆ ಪಟ್ಟಿಯ ಗತಿ ಕೇಳುವುದು ಬೇಡ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಸ್ವಲ್ಪ ಕಾಲ ಸರಿಯಾಗುತ್ತದೆ. ಕಾರ್ಬನ್ನೇ ಸವೆದು ಹೋಗಿದ್ದರೆ ಸ್ಪ್ರೇಯಿಂದ ಎಂಥದೂ ಆಗುವುದಿಲ್ಲ.

ಹೊಸದು ಬೇಕು ಎಂದಾದ ಮೇಲೆ ಕಾಸರಗೋಡು ಪೇಟೆಯಲ್ಲಿ ಒಂದು ಅಂಗಡಿಗೆ ಹೋಗಿ ಗೇರ್ ಶಿಫ್ಟರ್ ಉಂಟಾ ಎಂದು ಕೇಳಿದೆ. ಅವನು ಬಹಳ ಮರ್ಯಾದೆಯಿಂದ ಸ್ವಿಫ್ಟಿನ ಗೇರ್ ನಾಬು ತೆಗೆದಿಟ್ಟ. ಕಂಪ್ಯೂಟರಿಗೆ ಎಂದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ನಾಬನ್ನು ವಾಪಸು ಡಬ್ಬಕ್ಕೆ ಹಾಕಿದ. ಈ ವಸ್ತು ನಮ್ಮ ಕಡೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವಂಥದ್ದಲ್ಲ. ಆನ್‌ಲೈನೇ ಗತಿ, ಇಲ್ಲದಿದ್ದರೆ ಮಂಗಳೂರು ಬೆಂಗಳೂರು ಕೊಚ್ಚಿಯಲ್ಲಿ ಆಡಿ ಬಿಟ್ಟವರ ಹಳೆಯ ಮಾಲು. ಮೊದಲಾದರೆ ಅಲಿಎಕ್ಸ್‌ಪ್ರೆಸ್ಸಿನಿಂದ ಚೀನಾದ ಸಸಾರದ ಶಿಫ್ಟರುಗಳನ್ನು ತರಿಸುವವರಿದ್ದರು. 2020ರ ನವೆಂಬರಿನಲ್ಲಿ ಸರಕಾರ ಆ ಆ್ಯಪನ್ನೇ ನಿಷೇಧಿಸಿದ ಮೇಲೆ ಆ ದಾರಿ ಮುಚ್ಚಿತು. ಅದೇ ಜಾತಿಯ ಹೆಸರಿಲ್ಲದ ಡಬ್ಬಗಳು ಈಗ ಇಲ್ಲಿನ ಜಾಲತಾಣಗಳಲ್ಲೇ ಕಾಣಿಸುತ್ತವೆ, ಕ್ರಯ ಮಾತ್ರ ಸ್ವಲ್ಪ ಉಬ್ಬಿಕೊಂಡು.

ಈಗ ಎಡಗೈಯ ವಿಷಯ. ಇದನ್ನು ಯಾಕೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ ಎಂದು ನನಗೆ ಆಶ್ಚರ್ಯ.

ಶಿಫ್ಟರುಗಳ ಬಗ್ಗೆ ಇರುವ ವಿಡಿಯೋಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದವು. ಅಲ್ಲಿ ಹೆಚ್ಚಿನ ಕಡೆ ಸ್ಟೇರಿಂಗು ಎಡಕ್ಕೆ, ಗೇರು ಬಲಗೈಗೆ. ಅವರ ಟೇಬಲ್ಲು, ಅವರ ಸ್ಟ್ಯಾಂಡು, ಅವರ ಹೊಗಳಿಕೆ, ಅವರ ಬೈಗಳು ಎಲ್ಲವೂ ಬಲಗೈಯ ಲೆಕ್ಕದಲ್ಲೇ. ನಾವು ಗೇರು ಹಾಕುವುದು ಎಡಗೈಯಿಂದ. ಸಾಧಾರಣ ಕಾರುಗಳಲ್ಲಿ ಗೇರಿನ ಎಚ್ ಎಲ್ಲಿಯೂ ಒಂದೇ: ಒಂದು ಎರಡು ಎಡ ಸಾಲಿನಲ್ಲಿ, ಐದು ಬಲ ಸಾಲಿನಲ್ಲಿ. ಆದರೆ ಕೂತವನ ಮೈಗೆ ಅದು ತಿರುಗುಮುರುಗು. ನಮ್ಮ ಕಾರಿನಲ್ಲಿ ಒಂದು ಎರಡು ನಮ್ಮಿಂದ ಆಚೆಗೆ, ಪಕ್ಕದ ಸೀಟಿನವರ ಮೊಣಕಾಲಿನ ಕಡೆಗೆ. ಐದು ನಮ್ಮ ತೊಡೆಯ ಹತ್ತಿರ. ಅವರಿಗೆ ಒಂದು ಎರಡು ತೊಡೆಯ ಹತ್ತಿರ, ಐದು ಆಚೆ. ಹಾಗಾಗಿ ನಾನು ಶಿಷ್ಯರಿಗೆ ಕಲಿಸುವುದು, ಒಂದು ಎರಡಕ್ಕೆ ಅಂಗೈಯನ್ನು ಆಚೆ ತಿರುಗಿಸಿ ದೂಡಿ, ಮೂರು ನಾಲ್ಕಕ್ಕೆ ಅಂಗೈ ನಾಬಿನ ತಲೆಯ ಮೇಲೆ, ಐದಕ್ಕೆ ಅಂಗೈ ನಿಮ್ಮ ಕಡೆಗೆ ಇರುವಂತೆ ಹಿಡಿದು ಎಳೆದುಕೊಳ್ಳಿ ಎಂದು. ಕೈ ಇದನ್ನು ಒಮ್ಮೆ ಕಲಿತರೆ ಮತ್ತೆ ಬಿಡುವುದಿಲ್ಲ. ಆ ಕೈಯನ್ನು ಮನೆಯಲ್ಲಿ ಬಲಗಡೆಯ ಶಿಫ್ಟರಿಗೆ ಒಗ್ಗಿಸಲು ಹೋದರೆ ಆಟವೂ ಹಾಳು, ಮರುದಿನ ರಸ್ತೆಯೂ ಹಾಳು. ನನ್ನಂಥವನಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ.

ಆದ್ದರಿಂದ ನನ್ನ ಮೊದಲ ಜರಡಿ ಇದು. ಶಿಫ್ಟರಿನ ನಾಬು ಗುಂಡಾಗಿರಬೇಕು. ಕೆಲವು ನಾಬುಗಳನ್ನು ಬಲಗೈಯ ಬೆರಳಿಗೆ ಹೊಂದುವಂತೆ ತಗ್ಗು ಕೊಟ್ಟು ಮಾಡಿರುತ್ತಾರೆ. ಎಡಗೈಯಲ್ಲಿ ಹಿಡಿದರೆ ಮುಳ್ಳು ಹಿಡಿದ ಅನುಭವ. ಕೇಬಲು ಫ್ರೇಮಿನ ಎಡಬದಿಯಿಂದ ಕಂಪ್ಯೂಟರಿಗೆ ಮುಟ್ಟುವಷ್ಟು ಉದ್ದ ಇರಬೇಕು. ಮೇಜಿಗೆ ಬಿಗಿಯುವ ಕ್ಲಾಂಪು ಎಡಕ್ಕೂ ಬಲಕ್ಕೂ ಕೂರಬೇಕು. ಸಾಧ್ಯವಾದರೆ ಮೇಲಿನ ಗೇರ್ ಪ್ಲೇಟನ್ನು, ಅಂದರೆ ಕೋಲು ಓಡಾಡುವ ಸ್ಲಾಟುಗಳಿರುವ ತಗಡನ್ನು, ಸ್ವಲ್ಪ ಓರೆ ಮಾಡಿ ಕೂರಿಸಲು ಬರಬೇಕು, ಯಾಕೆಂದರೆ ಎಡಗೈ ಚಾಚಿದಾಗ ಮುಂದಕ್ಕೆ ದೂಡುವ ಗೆರೆ ನೇರ ಇರುವುದಿಲ್ಲ.

ಈ ಜರಡಿ ಹಿಡಿದು ನೋಡಿದಾಗ ಎದುರಿಗೆ ಉಳಿದವು ಕೆಲವೇ.

ಜಿ29 ಇರುವವನಿಗೆ ಕಣ್ಣು ಮುಚ್ಚಿ ಎಲ್ಲರೂ ಹೇಳುವುದು ಲಾಜಿಟೆಕ್ಕಿನದ್ದೇ ಡ್ರೈವಿಂಗ್ ಫೋರ್ಸ್ ಶಿಫ್ಟರ್. ಆರು ಗೇರು, ಕೋಲನ್ನು ಕೆಳಗೆ ಒತ್ತಿ ಹಾಕಿದರೆ ರಿವರ್ಸ್. ಒಂಬತ್ತು ಪಿನ್ನಿನ ಪ್ಲಗ್ಗು ನೇರ ವ್ಹೀಲಿನ ಹಿಂದಕ್ಕೆ ಹೋಗುತ್ತದೆ, ಬೇರೆ ರಗಳೆ ಇಲ್ಲ. ಮಂಗಳೂರಿನಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಹಿಡಿದು ನೋಡಿದೆ. ಹಗುರ, ಸದ್ದು ಕಡಿಮೆ, ಹೊಸದಾಗಿ ಶುರು ಮಾಡುವವರಿಗೆ ಅಡ್ಡಿಲ್ಲ. ಆದರೆ ಒಳಗೆ ಸ್ಥಾನ ಅಳೆಯುವುದು ಮತ್ತೆ ಅದೇ ಪೊಟೆನ್ಶಿಯೋಮೀಟರ್. ಇನ್ನೊಂದು, ಅದಕ್ಕೆ ಸ್ವಂತ ಯುಎಸ್‌ಬಿ ಇಲ್ಲ. ನಾಳೆ ವ್ಹೀಲ್ ಬದಲಿಸಿ ಬೇರೆ ಕಂಪೆನಿಯದ್ದು ತಂದರೆ ಶಿಫ್ಟರ್ ಮೂಲೆಗೆ ಬಿದ್ದೀತು, ಇಲ್ಲವೇ ಯುಎಸ್‌ಬಿ ಅಡಾಪ್ಟರ್ ಹುಡುಕಬೇಕಾದೀತು. ಬೆಸುಗೆ ಹಾಕಲು ಬರುವ ಹುಡುಗರು ಆರ್ಡುಯಿನೋ ಎಂಬ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಆ ಅಡಾಪ್ಟರನ್ನು ತಾವೇ ಮಾಡಿಕೊಳ್ಳುತ್ತಾರೆ. ನನ್ನ ಕೈ ಅಷ್ಟು ಸೂಕ್ಷ್ಮವಲ್ಲ.

ಫ್ಯಾನಟೆಕ್ ಎಂಬ ಕಂಪೆನಿಯ ಕ್ಲಬ್‌ಸ್ಪೋರ್ಟ್ ಶಿಫ್ಟರ್ ಬಗ್ಗೆ ಆಸೆ ಇತ್ತು. ಅದರಲ್ಲಿ ಬದಿಯ ಒಂದು ಸ್ವಿಚ್ಚು ತಿರುಗಿಸಿದರೆ ಎಚ್ ಪ್ಯಾಟರ್ನ್ ಹೋಗಿ ಸೀಕ್ವೆನ್ಷಿಯಲ್ ಆಗುತ್ತದೆ, ಅಂದರೆ ಮುಂದೆ ದೂಡಿದರೆ ಒಂದು ಗೇರು ಇಳಿಯುವುದು, ಹಿಂದೆ ಎಳೆದರೆ ಒಂದು ಏರುವುದು. ಆದರೆ ಅದು ಅವರದೇ ವ್ಹೀಲಿನ ಡಬ್ಬಕ್ಕೆ ಜೋಡಿಸುವಂಥದ್ದು, ಬೇರೆ ವ್ಹೀಲಿನವರು ಪಿಸಿಗೆ ಹಾಕಬೇಕಾದರೆ ಯುಎಸ್‌ಬಿ ಅಡಾಪ್ಟರ್ ಬೇರೆ ಕೊಳ್ಳಬೇಕು. ಹೊರದೇಶದಿಂದ ತರಿಸಿ, ಸಾಗಾಟ, ಕಸ್ಟಮ್ಸು, ಐಜಿಎಸ್‌ಟಿ ಎಲ್ಲ ಕೂಡಿಸಿದರೆ ಒಂದು ಹಳೇ ಸ್ಕೂಟರಿನ ಕ್ರಯ. ಬಿಟ್ಟೆ. ಮೋಜಾ ಎಂಬ ಕಂಪೆನಿಯ ಎಚ್‌ಜಿಪಿ ಒಳ್ಳೆಯದೇ, ನೇರ ಯುಎಸ್‌ಬಿ, ಏಳು ಗೇರು ಮತ್ತು ರಿವರ್ಸ್, ಒಳಗೆ ಮುಟ್ಟಿಕೊಳ್ಳದ ಸೆನ್ಸರು. ಹಳೆಯದು ಹತ್ತಿರದಲ್ಲಿ ಎಲ್ಲಿಯೂ ಸಿಗಲಿಲ್ಲ, ಹೊಸದಕ್ಕೆ ಕಿಸೆ ಒಪ್ಪಲಿಲ್ಲ.

ಉಳಿದದ್ದು ಟಿಎಚ್‌8ಎ. ಇದರ ಒಳಗಿರುವುದು ಹಾಲ್ ಎಫೆಕ್ಟ್ ಸೆನ್ಸರು. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ 1879ರಲ್ಲಿ ಕಂಡುಹಿಡಿದ ಸಂಗತಿ: ವಿದ್ಯುತ್ತು ಹರಿಯುತ್ತಿರುವ ತೆಳು ಹಾಳೆಯ ಹತ್ತಿರ ಅಯಸ್ಕಾಂತ ಹಿಡಿದರೆ ಹಾಳೆಯ ಅಡ್ಡಕ್ಕೆ ಒಂದು ಸಣ್ಣ ವೋಲ್ಟೇಜು ಹುಟ್ಟುತ್ತದೆ. ಶಿಫ್ಟರಿನ ಕೋಲಿನ ಬುಡದಲ್ಲಿ ಅಯಸ್ಕಾಂತ, ಎದುರಿಗೆ ಸೆನ್ಸರಿನ ಎಲೆಕ್ಟ್ರಾನಿಕ್ ಚಿಪ್ಪು. ಕೋಲು ಆಡಿದ ಹಾಗೆ ಅಯಸ್ಕಾಂತ ಆಡುತ್ತದೆ, ಚಿಪ್ಪು ಅದನ್ನು ದೂರದಿಂದಲೇ ಓದುತ್ತದೆ. ಒಂದಕ್ಕೊಂದು ಉಜ್ಜುವುದೇ ಇಲ್ಲ, ಹಾಗಾಗಿ ಸವೆತವೂ ಇಲ್ಲ, ಆಟಿಯ ತೇವಕ್ಕೆ ಕೆಡುವ ಕಾರ್ಬನ್ ಪಟ್ಟಿಯೂ ಇಲ್ಲ. ಕಂಪೆನಿಯವರು ಇದನ್ನು ದೊಡ್ಡ ಹೆಸರು ಇಟ್ಟು ಮಾರುತ್ತಾರೆ; ಹೆಸರು ಬಿಟ್ಟರೂ ವಿಷಯ ನಿಜವಾದ್ದೇ. ಹಾಗೆಂದು ಹಾಲ್ ಸೆನ್ಸರ್ ಅಂದರೆ ಚಿರಂಜೀವಿ ಎಂದು ತಿಳಿಯಬಾರದು. ಸೆನ್ಸರ್ ಸವೆಯದಿದ್ದರೂ ಸ್ಪ್ರಿಂಗು, ಬುಶ್ಶು, ಪ್ಲೇಟಿನ ಅಂಚು ಸವೆಯುತ್ತವೆ. ಹೆಸರಿಲ್ಲದ ಡಬ್ಬಗಳಲ್ಲಿ ಕೆಲವರು ಗೇರಿಗೊಂದರಂತೆ ಮೈಕ್ರೋಸ್ವಿಚ್ಚು ಇಟ್ಟಿರುತ್ತಾರೆ, ಅದೂ ಕೆಟ್ಟದ್ದಲ್ಲ, ಒಂದು ಹೋದರೆ ಒಂದನ್ನೇ ಬದಲಿಸಬಹುದು. ರಿಪೇರಿ ಬರುವವರಿಗೆ ಅದೇ ಲಾಭ.

ನನಗೆ ಸಿಕ್ಕಿದ್ದು ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲಿ. ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ಹುಡುಗ ಸಾಮಾನು ಖಾಲಿ ಮಾಡುತ್ತಿದ್ದ. ಅಕ್ಕನ ಮಗನನ್ನೂ ಕಟ್ಟಿಕೊಂಡು, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಗಡಿಯ ತಲಪಾಡಿ ದಾಟಿ ಹೋದೆವು. ಹಳೆಯ ಶಿಫ್ಟರ್ ಕೊಳ್ಳುವವರು ಲ್ಯಾಪ್‌ಟಾಪ್ ಇಲ್ಲದೆ ಹೋಗಲೇಬಾರದು. ಯುಎಸ್‌ಬಿ ಸಿಕ್ಕಿಸಿ ಅದೇ ಜಾಯ್ ಡಾಟ್ ಸಿಪಿಎಲ್ ತೆರೆದು ಒಂದೊಂದೇ ಗೇರಿಗೆ ಹಾಕಿ, ಹಾಕಿದ ಮೇಲೆ ಕೋಲನ್ನು ಸ್ಲಾಟಿನ ಒಳಗೇ ಆಚೆ ಈಚೆ ಅಲ್ಲಾಡಿಸಿ ನೋಡಬೇಕು. ದೀಪ ಕದಲಬಾರದು. ಕೇಬಲು ಡಬ್ಬದ ಒಳಗೆ ಹೋಗುವ ಜಾಗವನ್ನು ಬೆರಳಿನಿಂದ ಬಗ್ಗಿಸಿ ನೋಡಬೇಕು. ಹೆಚ್ಚಿನವು ಸಾಯುವುದು ಅಲ್ಲಿಯೇ. ಸೀಕ್ವೆನ್ಷಿಯಲ್ ಪ್ಲೇಟು, ಅಲೆನ್ ಕೀ, ಸ್ಕ್ರೂಗಳು ಡಬ್ಬದಲ್ಲಿ ಇವೆಯೋ ಎಂದು ಕೇಳಬೇಕು, ಅವು ಆಮೇಲೆ ಸಿಗುವುದು ಬಂಙ. ಕೊನೆಗೆ, ಹಳೆಯ ಕಾರು ಕೊಳ್ಳುವಾಗ ಸೀಟಿನ ಮ್ಯಾಟಿನ ಅಡಿ ನೋಡುವ ಅಭ್ಯಾಸ ನನಗೆ. ಇಲ್ಲಿ ಪ್ಲೇಟಿನ ಸ್ಲಾಟುಗಳ ಅಂಚು ನೋಡಿದೆ. ಎರಡು ಮೂರರ ನಡುವೆ ಪೈಂಟು ಹೋಗಿ ಲೋಹ ಹೊಳೆಯುತ್ತಿತ್ತು, ಏಳರ ಕಡೆ ಹೊಸದರ ಹಾಗೇ ಇತ್ತು. ಅಂದರೆ ಹುಡುಗ ಪ್ರಾಮಾಣಿಕವಾಗಿ ಆಡಿದ್ದಾನೆ. ಕ್ರಯ ಒಂಬತ್ತು ಸಾವಿರಕ್ಕೆ ಇಳಿಯಿತು.

"ಮಾವ, ಇದು ಡಂಬೆಲ್ಸಿನಷ್ಟು ಭಾರ ಉಂಟಲ್ಲ," ಎಂದ ಅಳಿಯ ವಾಪಸು ಬರುವಾಗ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು. ಭಾರವೇ ಅದರ ಮೊದಲ ಗುಣ. ಒಳಗಿನ ಯಂತ್ರ ಲೋಹದ್ದು, ಕೋಲು ಲೋಹದ್ದು, ಪ್ಲೇಟು ಲೋಹದ್ದು.

ಆದರೆ ಭಾರವಾದ ಶಿಫ್ಟರನ್ನು ಹಗುರವಾದ ಮೇಜಿಗೆ ಕಚ್ಚಿಸಿದರೆ ಗೇರು ಹಾಕಿದಾಗ ಆಡುವುದು ಮೇಜು. ಜೊತೆಗೆ ಬರುವ ಕ್ಲಾಂಪು ಕೆಲಸ ಮಾಡುತ್ತದೆ, ಎಲ್ಲಿ ಬೇಕಾದರೂ ಕಚ್ಚುತ್ತದೆ. ಆದರೆ ಮೇಜಿನ ಎತ್ತರಕ್ಕೆ ಗೇರು ಬಂದರೆ ಅದು ಕಾರಿನ ಗೇರಲ್ಲ. ಹಳೇ ಅಂಬಾಸಿಡರಿನ ಸ್ಟೇರಿಂಗ್ ಗೇರಿನ ಎತ್ತರವಾಯಿತು. ಹಾಗಾಗಿ ಟೇಪು ತೆಗೆದುಕೊಂಡು ಹೋಗಿ ಸ್ಕೂಲಿನ ಆಲ್ಟೊದಲ್ಲೇ ಅಳತೆ ತೆಗೆದೆ. ಸೀಟಿನ ಅಂಚಿನಿಂದ ನಾಬು ಎಷ್ಟು ಮೇಲೆ, ಸ್ಟೇರಿಂಗಿನಿಂದ ಎಷ್ಟು ಕೆಳಗೆ, ತೊಡೆಯಿಂದ ಎಷ್ಟು ಆಚೆ. ಆ ಚೀಟಿ ಹಿಡಿದು ವೆಲ್ಡಿಂಗ್ ಅಂಗಡಿಗೆ ಹೋದರೆ ಅವರು ಶಿಫ್ಟರನ್ನು ತಿರುಗಿಸಿ ಮುರುಗಿಸಿ ನೋಡಿ, "ಎಂಥ ಮಾಸ್ಟ್ರೇ ಇದು? ಜೆಸಿಬಿದಾ?" ಎಂದರು. ಸಿಮ್ಯುಲೇಟರ್ ಎಂದು ವಿವರಿಸಲು ಹೋಗಲಿಲ್ಲ. ಹೌದು ಎಂದೆ. ಚೌಕ ಪೈಪಿನ ಒಂದು ತೋಳು, ಅದರ ತುದಿಗೆ ದಪ್ಪ ತಗಡಿನ ತಟ್ಟೆ, ಶಿಫ್ಟರಿನ ಅಡಿಯ ಬೋಲ್ಟಿಗೆ ಸರಿಯಾಗಿ ತೂತು. ತೋಳನ್ನು ಫ್ರೇಮಿನ ಎಡಕ್ಕೆ ಬೋಲ್ಟು ಹಾಕಿ ಬಿಗಿದ ಮೇಲೆ ನಾನು ನೇತಾಡಿದರೂ ಅಲ್ಲಾಡಲಿಲ್ಲ. ಶಿಫ್ಟರಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಈ ತೋಳಿಗೆ ಹಾಕಿ ಎಂದು ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ. ಗಟ್ಟಿಯಾಗಿ ಬಿಗಿದ ಸಾಧಾರಣ ಶಿಫ್ಟರ್, ಅಲುಗಾಡುವ ದುಬಾರಿ ಶಿಫ್ಟರಿಗಿಂತ ಎಷ್ಟೋ ಮೇಲು.

ಪ್ಲೇಟಿನ ಸ್ಕ್ರೂ ಸಡಿಲಿಸಿ ನನ್ನ ಭುಜದ ಕಡೆಗೆ ತುಸು ಓರೆ ಮಾಡಿ ಬಿಗಿದೆ. ಕೋಲಿನ ಬಿಗಿತವನ್ನೂ ಸ್ಕ್ರೂವಿನಿಂದ ಹೆಚ್ಚು ಕಡಿಮೆ ಮಾಡಲು ಬರುತ್ತದೆ. ಅಳಿಯನಿಗೆ ಬಿಗಿ ಬೇಕು, ರೇಸ್ ಕಾರು ಅನ್ನಿಸಬೇಕಂತೆ. ಬಿಗಿ ಇದ್ದರೆ ರೇಸ್ ಕಾರು ಅಂತ ಹೇಳಿಕೊಟ್ಟದ್ದು ಯಾರೋ. ಬೆರಳಿನಲ್ಲಿ ಹಾಕುವಷ್ಟು ಸಡಿಲ ಇಟ್ಟಿದ್ದೇನೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಬೇರೆಯೇ. ಇದರ ಪ್ಲೇಟಿನಲ್ಲಿ ಏಳು ಗೇರು ಮತ್ತು ರಿವರ್ಸ್, ಒಟ್ಟು ನಾಲ್ಕು ಸಾಲು. ಆಲ್ಟೊದಲ್ಲಿ ಇರುವುದು ಮೂರೇ ಸಾಲು, ಐದರ ಎದುರು ಕೆಳಗೆ ರಿವರ್ಸ್. ನಾಲ್ಕನೇ ಸಾಲಿಗೆ ಕೈ ಹಾಕಿ ರಿವರ್ಸ್ ಹುಡುಕುವುದು ನನ್ನ ಎಡಗೈಗೆ ಒಗ್ಗದ ಕೆಲಸ. ಪಿಸಿಗೆ ಇವೆಲ್ಲ ಬಟನ್ನುಗಳೇ ಎಂದೆನಲ್ಲ. ಆಟದ ಸೆಟ್ಟಿಂಗಿನಲ್ಲಿ ರಿವರ್ಸ್ ಕೇಳಿದಾಗ ಆರನೇ ಸ್ಲಾಟಿಗೆ ಹಾಕಿ ತೋರಿಸಿದೆ. ಮುಗಿಯಿತು. ಈಗ ಐದರ ಎದುರು ಕೆಳಗೆ ರಿವರ್ಸ್, ನಾಲ್ಕನೇ ಸಾಲು ಇದ್ದೂ ಇಲ್ಲದ ಹಾಗೆ. ಇದೇ ಉಪಾಯದಿಂದ ಹಳೇ ಕಾಲದ ಬಿಎಂಡಬ್ಲ್ಯು ಎಂ3ಯಂಥ ಡಾಗ್‌ಲೆಗ್ ಗೇರನ್ನೂ ಮಾಡಿಕೊಳ್ಳಬಹುದು. ಅದರಲ್ಲಿ ಎಡ ಸಾಲಿನ ಕೆಳಗೆ ಒಂದು, ನಡು ಸಾಲಿನಲ್ಲಿ ಎರಡು ಮೂರು. ರೇಸಿನಲ್ಲಿ ಒಂದನೇ ಗೇರು ಹೊರಡುವಾಗ ಮಾತ್ರ ಬೇಕಾಗುವುದರಿಂದ ಪದೇ ಪದೇ ಬದಲಿಸುವ ಎರಡು ಮೂರು ನೇರ ಗೆರೆಯಲ್ಲಿರಲಿ ಎಂದು ಆ ಏರ್ಪಾಡು.

ಅಸೆಟ್ಟೋ ಕೋರ್ಸಾ ಎಂಬ ಆಟದಲ್ಲಿ ಬಲಬದಿ ಸ್ಟೇರಿಂಗಿನ ಜಪಾನಿ ಕಾರುಗಳಿವೆ, ಟೊಯೊಟಾ ಎಇ86, ನಿಸ್ಸಾನ್ ಸ್ಕೈಲೈನ್ ಆರ್34. ಎಡಗೈ ಗೇರಿಗೆ ಅವು ಹೇಳಿ ಮಾಡಿಸಿದವು. ಪರದೆಯಲ್ಲಿ ಡ್ರೈವರಿನ ಕೈ ಹೋಗುವ ಕಡೆಗೇ ನನ್ನ ಕೈಯೂ ಹೋಗುತ್ತದೆ. ಯುರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ನಾನು ಹೆಚ್ಚು ಓಡಿಸುವುದು ಬ್ರಿಟನ್ನಿನಲ್ಲಿ, ಬಲಬದಿ ಸ್ಟೇರಿಂಗಿನ ಲಾರಿ, ರಸ್ತೆಯ ಎಡಬದಿ, ನಮ್ಮಂತೆಯೇ. ಹನ್ನೆರಡು ಗೇರಿನ ಲಾರಿಗೆ ಆರು ಸ್ಲಾಟು ಸಾಕು, ಮೇಲಿನ ಅರ್ಧ ಕೆಳಗಿನ ಅರ್ಧ ಎಂದು ಬದಲಿಸಲು ಒಂದು ಸ್ವಿಚ್ಚು ಬೇಕು. ನಾಬಿನಲ್ಲೇ ಸ್ವಿಚ್ಚು ಇರುವ ಲಾರಿ ನಾಬುಗಳು ಸಿಗುತ್ತವೆ, ಟಿಎಚ್‌8ಎಯ ನಾಬು ಬಿಚ್ಚಿ ಬದಲಿಸಲು ಬರುವಂಥದ್ದೇ. ಸದ್ಯಕ್ಕೆ ನಾನು ಸ್ಟೇರಿಂಗಿನ ಒಂದು ಬಟನ್ನಿನಲ್ಲಿ ಸುಧಾರಿಸುತ್ತಿದ್ದೇನೆ.

ಇನ್ನು ಕಡಿತಗೊಂಡ ಆ ಒಂದು ಅಂಕ.

ಸದ್ದು. ಲೋಹದ ಕೋಲು ಲೋಹದ ಪ್ಲೇಟಿಗೆ ಬಡಿಯುತ್ತದೆ, ಪ್ರತಿ ಗೇರಿಗೂ. ಹಗಲು ಗೊತ್ತಾಗುವುದಿಲ್ಲ. ರಾತ್ರಿ ಮಳೆ ನಿಂತ ಹೊತ್ತಿನಲ್ಲಿ ಇಡೀ ಮನೆಗೆ ಕೇಳುತ್ತದೆ, ಒಳ್ಳೆ ಅಡಿಕೆ ಸುಲಿದ ಹಾಗೆ. ಅಮ್ಮ ಒಳಗಿನಿಂದಲೇ ಕೂಗಿದ್ದುಂಟು: "ಇಷ್ಟೊತ್ತಿಗೆ ಯಾರದು ಅಡಿಕೆ ಸುಲಿಯುವುದು?" ಹಳೇ ಟಯರ್ ಟ್ಯೂಬು ಕತ್ತರಿಸಿ ತಟ್ಟೆಯ ಅಡಿಗೆ ಕೊಟ್ಟ ಮೇಲೆ ಫ್ರೇಮಿನಲ್ಲಿ ಗುಂಯ್‌ಗುಡುವುದು ನಿಂತಿತು, ಟಕ್ ಎನ್ನುವುದು ನಿಲ್ಲಲಿಲ್ಲ. ಪುಟ್ಟ ಮಕ್ಕಳಿರುವ ಮನೆಯವರು, ಫ್ಲ್ಯಾಟಿನವರು ಇದನ್ನು ಯೋಚಿಸಿಯೇ ತೆಗೆದುಕೊಳ್ಳಿ.

ಎರಡನೆಯದು, ಕೋಲಿನ ಓಟ ಉದ್ದ. ಒಂದರಿಂದ ಎರಡಕ್ಕೆ ಹೋಗುವಾಗ ಕೈ ಎದ್ದು ಹೋಗಿ ಬಂದ ಹಾಗೆ. ಬಸ್ಸು ಲಾರಿಗೆ ಇದು ಚೆಂದ, ರ‍್ಯಾಲಿಯ ತಿರುವಿನಲ್ಲಿ ಅವಸರಕ್ಕೆ ಸಿಗುವುದಿಲ್ಲ.

ಮೂರನೆಯದನ್ನು ಟಿಎಚ್‌8ಎಗೆ ಮಾತ್ರ ಹೇಳುವುದು ನ್ಯಾಯವಲ್ಲ, ಈ ಕ್ರಯದ ಎಲ್ಲ ಶಿಫ್ಟರುಗಳದ್ದೂ ಇದೇ ಕಥೆ. ನಿಜವಾದ ಗೇರ್ ಬಾಕ್ಸಿನಲ್ಲಿ ಸಿಂಕ್ರೋ ರಿಂಗುಗಳಿರುತ್ತವೆ. ಹೊಸ ಗೇರಿನ ವೇಗ ಮತ್ತು ಶಾಫ್ಟಿನ ವೇಗ ಒಂದಾಗುವ ತನಕ ಅವು ಕೋಲನ್ನು ತಡೆದು ನಿಲ್ಲಿಸುತ್ತವೆ, ಒಂದಾದ ಕೂಡಲೇ ಒಳಗೆ ಬಿಡುತ್ತವೆ. ಆ ತಡೆಯನ್ನು ಅಂಗೈಯಲ್ಲಿ ಗುರುತಿಸಲು ಕಲಿತವನೇ ಡ್ರೈವರ್. ಶಿಫ್ಟರಿಗೆ ಅದೊಂದೂ ಗೊತ್ತಿಲ್ಲ. ಕ್ಲಚ್ ಒತ್ತದಿದ್ದರೂ ಕೋಲು ಸಲೀಸಾಗಿ ಸ್ಲಾಟಿಗೆ ಬೀಳುತ್ತದೆ. ತಪ್ಪು ಹಿಡಿಯುವುದು ಆಟ: ಆಟೋ ಕ್ಲಚ್ ತೆಗೆದಿಟ್ಟು ಅಸೆಟ್ಟೋ ಕೋರ್ಸಾದಲ್ಲಿ ಹಾಗೆ ಮಾಡಿದರೆ ಕರಕರ ಸದ್ದು ಬಂದು ನ್ಯೂಟ್ರಲಿನಲ್ಲೇ ಉಳಿಯುತ್ತದೆ, ಕೈಯಲ್ಲಿರುವ ಕೋಲು ಮಾತ್ರ ಮೂರರಲ್ಲಿ. ಹಾಗಾಗಿ ಲೈಸೆನ್ಸಿಗೆ ಮೊದಲು ಮನೆಯಲ್ಲಿ ಶಿಫ್ಟರಿನಲ್ಲಿ ಅಭ್ಯಾಸ ಮಾಡುತ್ತೇನೆ ಎನ್ನುವ ಹುಡುಗರಿಗೆ ನನ್ನ ಉತ್ತರ: ಗೇರು ಎಲ್ಲೆಲ್ಲಿ ಇವೆ ಎಂದು ಕಣ್ಣು ಹಾಯಿಸದೆ ಗೊತ್ತಾದೀತು, ಅದಕ್ಕೆ ಒಳ್ಳೆಯದು. ಕ್ಲಚ್ಚಿನ ಬೈಟ್, ಅಂದರೆ ಅದು ಹಿಡಿಯುವ ಹದ, ಕಲಿಯಲು ಆಲ್ಟೊಗೇ ಬರಬೇಕು, ಫೀಸು ಕೊಟ್ಟು.

ಸೀಕ್ವೆನ್ಷಿಯಲ್ ಬಗ್ಗೆ ಒಂದು ಮಾತು ಉಳಿಯಿತು. ಇದರಲ್ಲಿ ಅದು ಬೇಕಾದರೆ ಸ್ಕ್ರೂ ಬಿಚ್ಚಿ ಪ್ಲೇಟನ್ನೇ ಬದಲಿಸಬೇಕು, ಫ್ಯಾನಟೆಕ್ಕಿನ ಹಾಗೆ ಸ್ವಿಚ್ಚಿನಲ್ಲಿ ಆಗುವುದಲ್ಲ. ದಿನಾ ಬದಲಿಸುವ ಆಲೋಚನೆ ಇರುವವರಿಗೆ ಇದು ಕಿರಿಕಿರಿ. ಯಾವುದು ಬೇಕು ಎಂಬುದು ನೀವು ಓಡಿಸುವ ಕಾರಿನ ಮೇಲೆ ನಿಂತಿದೆ. ಫಾರ್ಮುಲಾ ಒನ್ನಿಗೆ 1989ರಲ್ಲಿ ಫೆರಾರಿ ಸ್ಟೇರಿಂಗಿನ ಹಿಂದೆ ಬೆರಳಿನಿಂದ ಗೇರು ಬದಲಿಸುವ ಪ್ಯಾಡಲ್ ತಂದ ಮೇಲೆ ಅಲ್ಲಿ ಕೋಲಿನ ಕಾಲ ಮುಗಿಯುತ್ತ ಬಂತು, ಅಂಥ ಕಾರು ಮಾತ್ರ ಓಡಿಸುವವರಿಗೆ ಜಿ29ರ ಪ್ಯಾಡಲೇ ಸಾಕು, ಶಿಫ್ಟರಿಗೆ ದುಡ್ಡು ಹಾಕಬೇಡಿ. ವಿಶ್ವ ರ‍್ಯಾಲಿಯಲ್ಲಿ ಉಲ್ಟಾ: 2022ರ ರ‍್ಯಾಲಿ1 ಎಂಬ ಮೇಲಿನ ದರ್ಜೆಯ ಕಾರುಗಳ ನಿಯಮದಲ್ಲಿ ಪ್ಯಾಡಲ್ ತೆಗೆದು ಮತ್ತೆ ಸೀಕ್ವೆನ್ಷಿಯಲ್ ಕೋಲನ್ನೇ ತಂದರು. ಅಳಿಯ ಇದನ್ನೇ ಹಿಡಿದುಕೊಂಡು ಸೀಕ್ವೆನ್ಷಿಯಲ್ ಪ್ಲೇಟು ಹಾಕಿಸಬೇಕೆಂದು ಹಠ ಹಿಡಿದಿದ್ದಾನೆ. ಅದೇ ಪ್ಲೇಟಿನಲ್ಲಿ ಕೋಲನ್ನು ಹ್ಯಾಂಡ್‌ಬ್ರೇಕಾಗಿಯೂ ಬಳಸಬಹುದು ಎಂದು ಎಲ್ಲಿಯೋ ಓದಿಕೊಂಡು ಬಂದಿದ್ದಾನೆ. ಅದೂ ಹೌದು, ಸೆಟ್ಟಿಂಗಿನಲ್ಲಿ ಆ ಏರ್ಪಾಡು ಉಂಟು. ಆದರೆ ಒಂದೇ ಕೋಲು ಒಮ್ಮೆಗೆ ಗೇರೂ ಹ್ಯಾಂಡ್‌ಬ್ರೇಕೂ ಆಗುವುದಿಲ್ಲ. ಶನಿವಾರ ರಾತ್ರಿ ಅವನಿಗೆ, ಉಳಿದ ದಿನ ಎಚ್ ಎಂದು ಒಪ್ಪಂದ. ಪ್ಲೇಟು ಬಿಚ್ಚುವುದು, ಹಾಕುವುದು, ಬಿದ್ದ ಸ್ಕ್ರೂ ಹುಡುಕುವುದು ಅವನ ಕೆಲಸ.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸಿನವರು ನನ್ನ ಮಾತು ನಂಬಿ ಕೊಳ್ಳಬೇಡಿ. ಪಿಸಿಯಲ್ಲಿ ಒಂದು ಕಂಪೆನಿಯ ವ್ಹೀಲು, ಇನ್ನೊಂದರ ಶಿಫ್ಟರು, ಮತ್ತೊಂದರ ಪೆಡಲು ಒಟ್ಟಿಗೆ ಸಂಸಾರ ಮಾಡುತ್ತವೆ. ಕನ್ಸೋಲಿನಲ್ಲಿ ಆ ಸ್ವಾತಂತ್ರ್ಯ ಇಲ್ಲ. ನಿಮ್ಮ ವ್ಹೀಲಿಗೂ ನಿಮ್ಮ ಆಟಕ್ಕೂ ಹೊಂದುತ್ತದೆ ಎಂದು ಕಂಪೆನಿಯ ಪಟ್ಟಿಯಲ್ಲಿ ನೋಡಿಯೇ ತೆಗೆದುಕೊಳ್ಳಿ. ಮತ್ತೆ ಮಳೆಗಾಲದಲ್ಲಿ ಸಿಡಿಲು ಗುಡುಗು ಶುರುವಾದ ಕೂಡಲೇ ಪ್ಲಗ್ಗು ಎಳೆಯಿರಿ, ಹಾಲ್ ಸೆನ್ಸರಾದರೂ ಸಿಡಿಲಿಗೆ ಉಳಿಯುವುದಿಲ್ಲ.